ಆರೋಗ್ಯ ಸಿಬ್ಬಂದಿಗೆ ಓಪನ್ ಸೋರ್ಸ್ ಡೇಟಾ ವಿಶ್ಲೇಷಣೆ ತರಬೇತಿ: ಪದೇ ಪದೇ ಕೇಳುವ ಪ್ರಶ್ನೆಗಳು

ರೋಗ ಕಣ್ಗಾವಲು, ಲಸಿಕೆ, ತಾಯಿ-ಮಗುವಿನ ಆರೋಗ್ಯದಂಥ ವಿಭಾಗಗಳಲ್ಲಿ ವಾರ ವಾರ ವರದಿ ಕಳಿಸುವವರಿಗೂ ಅವರಿಗೆ ತರಬೇತಿ ಏರ್ಪಡಿಸುವವರಿಗೂ ಈ ಪುಟ. ಉದಾಹರಣೆಗಳು ಹೆಚ್ಚಾಗಿ ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆಯವು. ಆದರೆ ಇಲ್ಲಿ ಹೇಳಿರುವ ತೊಡಕುಗಳು ಯಾವ ಸಾಫ್ಟ್‌ವೇರ್ ಹಿಡಿದರೂ ಎದುರಾಗುತ್ತವೆ.

ಕೋಡಿಂಗ್‌ನ ಗಂಧಗಾಳಿ ಇಲ್ಲದವರು ಸೇರಬಹುದೆ?

ಸೇರಬಹುದು. ಎಕ್ಸೆಲ್‌ನಲ್ಲಿ ಫಿಲ್ಟರ್ ಹಾಕಲು, ಪಿವೋಟ್ ಟೇಬಲ್ ಮಾಡಲು ಬಂದರೆ ಸಾಕು. ಅದಕ್ಕಿಂತ ಹೆಚ್ಚು ಬೇಕಾದದ್ದು ಕ್ಷೇತ್ರದ ತಿಳಿವಳಿಕೆ: ಲೈನ್ ಲಿಸ್ಟ್ (ತಲೆಗೊಂದು ಸಾಲಿನಂತೆ ರೋಗಿಗಳ ಪಟ್ಟಿ) ಎಂದರೇನು, ಶಂಕಿತ ಪ್ರಕರಣಕ್ಕೂ ದೃಢಪಟ್ಟ ಪ್ರಕರಣಕ್ಕೂ ವ್ಯತ್ಯಾಸವೇನು, ದರ ಹಾಕುವಾಗ ಛೇದದಲ್ಲಿ ಯಾವ ಜನಸಂಖ್ಯೆ ಕೂರಬೇಕು. ಇಷ್ಟು ಗೊತ್ತಿರುವವರಿಗೆ ಆರ್ ಕಲಿಸುವುದು ಸುಲಭ. ಆರ್ ಮಾತ್ರ ಬಲ್ಲವರಿಗೆ ಇದನ್ನು ಕಲಿಸುವುದೇ ಕಷ್ಟ.

ಎಕ್ಸೆಲ್ ಇದೆಯಲ್ಲ, ಮತ್ತೊಂದು ಏಕೆ?

ಎಕ್ಸೆಲ್ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಡೇಟಾ ತುಂಬಲು, ನೂರಿನ್ನೂರು ಸಾಲುಗಳ ಮೇಲೆ ಕಣ್ಣಾಡಿಸಲು ಅದೇ ಒಳ್ಳೆಯದು. ತೊಂದರೆ ಬರುವುದು ಒಂದೇ ಕೆಲಸವನ್ನು ಪ್ರತಿ ವಾರ ಕೈಯಲ್ಲಿ ಮಾಡುವಾಗ. ಕಳೆದ ವಾರ ಯಾವ ಸಾಲು ಅಳಿಸಿದಿರಿ, ಯಾವ ಕಾಲಂ ಸಾರ್ಟ್ ಮಾಡಿದಿರಿ ಎಂಬುದರ ಗುರುತು ಎಲ್ಲೂ ಉಳಿಯುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ, ಅಂದರೆ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಫೈಲಿನಲ್ಲಿ, ಪ್ರತಿಯೊಂದು ಹೆಜ್ಜೆಯೂ ಬರಹದಲ್ಲಿರುತ್ತದೆ. ತಪ್ಪಾದರೂ ಎಲ್ಲಿ ಎಂದು ಹುಡುಕಿ ತೋರಿಸಬಹುದು.

2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಆದದ್ದು ಗೊತ್ತಿರಲಿ. ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಫೈಲಿನಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಅದರಾಚೆಗಿನ ಸಾಲುಗಳು ಸದ್ದಿಲ್ಲದೆ ಬಿದ್ದುಹೋಗಿ, ಹತ್ತಿರಹತ್ತಿರ 16,000 ಕೋವಿಡ್ ಪ್ರಕರಣಗಳು ದಿನದ ಲೆಕ್ಕಕ್ಕೆ ಸೇರಲಿಲ್ಲ, ಅವರ ಸಂಪರ್ಕಿತರ ಪತ್ತೆಯೂ ತಡವಾಯಿತು. ಈಗಿನ ಎಕ್ಸ್‌ಎಲ್‌ಎಸ್‌ಎಕ್ಸ್ ಮಾದರಿಗೂ 10,48,576 ಸಾಲುಗಳ ಮಿತಿ ಇದೆ. ಅದೇ ವರ್ಷ ಕೆಲವು ಮಾನವ ಜೀನ್‌ಗಳ ಸಂಕೇತಗಳನ್ನೇ ಬದಲಿಸಬೇಕಾಗಿ ಬಂತು. ಮಾರ್ಚ್, ಸೆಪ್ಟ್ ಎಂದು ಶುರುವಾಗುತ್ತಿದ್ದ ಹೆಸರುಗಳನ್ನು ಎಕ್ಸೆಲ್ ತಾರೀಖು ಎಂದುಕೊಳ್ಳುತ್ತಿದ್ದುದೇ ಕಾರಣ.

ಆರ್, ಪೈಥಾನ್, ಕ್ಯೂಜಿಐಎಸ್: ಯಾವುದರಿಂದ ಶುರು ಮಾಡಬೇಕು?

ಒಂದೇ ಒಂದರಿಂದ. ನಮ್ಮ ಆಯ್ಕೆ ಆರ್. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಆರಂಭದಲ್ಲಿ ಇದನ್ನು ಹುಟ್ಟುಹಾಕಿದ್ದೇ ಸಂಖ್ಯಾಶಾಸ್ತ್ರಕ್ಕಾಗಿ. ಸೋಂಕಿನ ಅಲೆಯ ಗ್ರಾಫ್, ವಯಸ್ಸಿನ ಪಿರಮಿಡ್, ಸರ್ವೇ ಲೆಕ್ಕಾಚಾರಗಳಿಗೆ ಸಿದ್ಧ ಪ್ಯಾಕೇಜ್‌ಗಳಿವೆ (ಆರ್‌ಗೆ ಸೇರಿಸಿಕೊಳ್ಳುವ ಆದೇಶಗಳ ಕಟ್ಟುಗಳು), ಅವುಗಳಲ್ಲಿ ಎಷ್ಟೋ ಸಾಂಕ್ರಾಮಿಕ ರೋಗಶಾಸ್ತ್ರದವರೇ ಬರೆದದ್ದು. ಕಚೇರಿಯಲ್ಲಿ ಪೈಥಾನ್ ಬಲ್ಲ ಒಬ್ಬರು ದಿನವೂ ಕೈಗೆ ಸಿಗುವಂತಿದ್ದರೆ ಪೈಥಾನ್ ಹಿಡಿಯಿರಿ. ಸಿಕ್ಕಿಕೊಂಡಾಗ ಪಕ್ಕದ ಮೇಜಿನಲ್ಲಿ ಕೇಳಲು ಒಬ್ಬರು ಇರುವುದು ಭಾಷೆಯ ಗುಣದೋಷಕ್ಕಿಂತ ದೊಡ್ಡ ವಿಷಯ. ನಕ್ಷೆ ಮಾಡಬೇಕಾದವರಿಗೆ ಕ್ಯೂಜಿಐಎಸ್ ಬೇಕು, ಆದರೆ ಅದು ಎರಡನೆಯ ಸುತ್ತಿಗೆ.

ಇವೆಲ್ಲ ನಿಜಕ್ಕೂ ಉಚಿತವೆ? ಕಚೇರಿ ಕೆಲಸಕ್ಕೆ ಬಳಸಬಹುದೆ?

ಹೌದು. ಆರ್ ಮತ್ತು ಕ್ಯೂಜಿಐಎಸ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿವೆ, ಆರ್ ಕೋಡ್ ಬರೆದು ಓಡಿಸಲು ಬಳಸುವ ಆರ್‌ಸ್ಟುಡಿಯೋ ಡೆಸ್ಕ್‌ಟಾಪ್‌ನ ಉಚಿತ ಆವೃತ್ತಿ ಅಂಥದೇ ಎಜಿಪಿಎಲ್‌ನಲ್ಲಿದೆ. ಸರ್ಕಾರಿ, ಖಾಸಗಿ ಕಚೇರಿಗಳು ಬಳಸಲು ಅಡ್ಡಿಯಿಲ್ಲ. ದುಡ್ಡು ಖರ್ಚಾಗುವುದು ಸಾಫ್ಟ್‌ವೇರ್‌ಗಲ್ಲ, ಜನರ ಸಮಯಕ್ಕೆ.

ಎಂಥ ಕಂಪ್ಯೂಟರ್ ಬೇಕು? ಇಂಟರ್ನೆಟ್ ಕೈಕೊಟ್ಟರೆ?

8 ಜಿಬಿ ರ‍್ಯಾಮ್ ಇದ್ದರೆ ಆರಾಮ. 4 ಜಿಬಿ ಯಂತ್ರದಲ್ಲೂ ಒಂದು ಲಕ್ಷ ಸಾಲುಗಳ ಲೈನ್ ಲಿಸ್ಟ್ ನಡೆಯುತ್ತದೆ, ಬ್ರೌಸರ್ ಮುಚ್ಚಿರಬೇಕು ಅಷ್ಟೆ.

ತರಬೇತಿಯ ಮೊದಲ ಬೆಳಗ್ಗೆ 25 ಜನ ಒಟ್ಟಿಗೆ ಪ್ಯಾಕೇಜ್ ಡೌನ್‌ಲೋಡ್‌ಗೆ ಕೂತರೆ ಅರ್ಧ ದಿನ ನೀರಿನಲ್ಲಿ ಹೋಮ. ಇನ್‌ಸ್ಟಾಲೇಷನ್ ಒಂದು ವಾರ ಮೊದಲೇ ಮುಗಿದಿರಲಿ. ಆರ್, ಆರ್‌ಸ್ಟುಡಿಯೋ, ಬೇಕಾದ ಎಲ್ಲ ಪ್ಯಾಕೇಜ್‌ಗಳ ವಿಂಡೋಸ್ ಬೈನರಿ (ನೇರವಾಗಿ ಇನ್‌ಸ್ಟಾಲ್ ಆಗುವ) ಫೈಲುಗಳನ್ನು ಎರಡು ಪೆನ್‌ಡ್ರೈವ್‌ಗಳಲ್ಲಿ ಇಟ್ಟುಕೊಳ್ಳಿ. ಒಂದು ಪ್ಯಾಕೇಜ್ ಇನ್ನೂ ಹತ್ತನ್ನು ಎಳೆದು ತರುತ್ತದೆ. ಅವನ್ನೆಲ್ಲ ಒಟ್ಟಿಗೆ ಕಲೆಹಾಕಲು ಮಿನಿಕ್ರಾನ್ ಎಂಬ ಪ್ಯಾಕೇಜ್ ಇದೆ. ಬೈನರಿಯನ್ನು ಕೊಟ್ಟಿರುವುದು ಆರ್‌ನ ಯಾವ ಆವೃತ್ತಿಗೋ ಅದೇ ಆವೃತ್ತಿ ಎಲ್ಲರ ಯಂತ್ರದಲ್ಲೂ ಇರಬೇಕು. 4.3ಕ್ಕೆ ಮಾಡಿದ್ದನ್ನು 4.4ಕ್ಕೆ ಹಾಕಿದರೆ ಕಿರಿಕಿರಿ ತಪ್ಪಿದ್ದಲ್ಲ.

ಅಡ್ಮಿನ್ ಪಾಸ್‌ವರ್ಡ್ ಐಟಿ ವಿಭಾಗದ ಕೈಲಿದ್ದರೆ ಆರ್ ಇನ್‌ಸ್ಟಾಲ್ ಮಾಡಲು ಅವರ ಸಹಾಯ ಕೇಳಿ. ಆಮೇಲಿನ ಪ್ಯಾಕೇಜ್‌ಗಳು ಬಳಕೆದಾರರ ಸ್ವಂತ ಫೋಲ್ಡರಿಗೇ ಹೋಗುವುದರಿಂದ ಅಡ್ಮಿನ್ ಬೇಕಾಗುವುದಿಲ್ಲ. ಆ ಫೋಲ್ಡರ್ ಒನ್‌ಡ್ರೈವ್ ಒಳಗಿದ್ದರೆ ಮಾತ್ರ ಹೊರಗೆ ತನ್ನಿ. ಸಿಂಕ್ ಆಗುವಾಗ ಫೈಲ್ ಲಾಕ್ ಆಗಿ ಪ್ಯಾಕೇಜ್ ಅರ್ಧಂಬರ್ಧ ಕೂರುತ್ತದೆ.

ಎಷ್ಟು ದಿನದ ತರಬೇತಿ ಸಾಕು?

ಸತತ ಐದು ದಿನದ ಕಾರ್ಯಾಗಾರ ಏರ್ಪಡಿಸಲು ಸುಲಭ, ಮರೆಯಲು ಇನ್ನೂ ಸುಲಭ. ಮೊದಲು ಎರಡು ಪೂರ್ಣ ದಿನ ಒಟ್ಟಿಗೆ ಕೂತು, ಆಮೇಲೆ ಎಂಟು ವಾರ ವಾರಕ್ಕೊಮ್ಮೆ ಎರಡು ಗಂಟೆ ಎಂದು ಹಂಚಿ. ನಡುವಿನ ದಿನಗಳಲ್ಲಿ ಪ್ರತಿಯೊಬ್ಬರೂ ತಮ್ಮ ನಿಜವಾದ ವರದಿಯ ಒಂದೊಂದು ಭಾಗವನ್ನು ಸ್ಕ್ರಿಪ್ಟ್‌ಗೆ ತರಬೇಕು: ಒಂದು ವಾರ ಟೇಬಲ್, ಮುಂದಿನ ವಾರ ಗ್ರಾಫ್, ಅದರ ಮುಂದಿನ ವಾರ ವರ್ಡ್ ದಾಖಲೆ. ಪಠ್ಯಕ್ರಮವನ್ನು ಪುಸ್ತಕದ ಅಧ್ಯಾಯಗಳಿಂದ ಕಟ್ಟಬೇಡಿ. ಬರುವ ಸೋಮವಾರ ಕಳಿಸಬೇಕಾದ ವರದಿ ಕೈಲಿ ಹಿಡಿದು, ಅದಕ್ಕೆ ಬೇಕಾದಷ್ಟನ್ನೇ ಕಲಿಸಿ. ಲೂಪ್, ಮ್ಯಾಟ್ರಿಕ್ಸ್ ಇಲ್ಲದೆಯೂ ಒಂದು ವರ್ಷ ಕಳೆಯಬಹುದು.

ಮೊದಲ ದಿನ ಏನೇನು?

ಬೆಳಗ್ಗೆ ಮೂರು ಕೆಲಸ. ಒಂದು ಪ್ರಾಜೆಕ್ಟ್ ತೆರೆದು ಅದರೊಳಗೆ ಕಚ್ಚಾ ಡೇಟಾ, ಸ್ಕ್ರಿಪ್ಟ್, ಫಲಿತಾಂಶ ಎಂಬ ಮೂರು ಫೋಲ್ಡರ್ ಮಾಡುವುದು. ಕಚ್ಚಾ ಡೇಟಾ ಫೋಲ್ಡರಿನ ಫೈಲನ್ನು ಓದುವುದಷ್ಟೇ, ಅದರ ಮೇಲೆ ಬರೆಯುವುದು ಎಂದೂ ಇಲ್ಲ. ಎರಡನೆಯದು, ಆರ್‌ಸ್ಟುಡಿಯೋದ ಗ್ಲೋಬಲ್ ಆಪ್ಷನ್ಸ್‌ನಲ್ಲಿ ವರ್ಕ್‌ಸ್ಪೇಸ್ ಉಳಿಸುವುದನ್ನೂ ಮತ್ತೆ ತೆರೆಯುವುದನ್ನೂ ನಿಲ್ಲಿಸುವುದು. ಇದನ್ನು ಬಿಟ್ಟರೆ ನಿನ್ನೆಯ ಟೇಬಲ್ ಇಂದೂ ಮೆಮೊರಿಯಲ್ಲಿ ಕೂತಿರುತ್ತದೆ. ಸ್ಕ್ರಿಪ್ಟ್ ನಿಮ್ಮಲ್ಲಿ ಓಡುತ್ತದೆ, ಸಹೋದ್ಯೋಗಿಯ ಯಂತ್ರದಲ್ಲಿ ಮುಗ್ಗರಿಸುತ್ತದೆ. ಮೂರನೆಯದು, ಫೈಲ್ ಓದಿ, ಸಾಲುಗಳೆಷ್ಟು ಎಂದು ಎಣಿಸಿ, ಎಕ್ಸೆಲ್‌ನಲ್ಲಿ ಕಾಣುವ ಸಂಖ್ಯೆಗೆ ತಾಳೆ ನೋಡುವುದು.

ಮಧ್ಯಾಹ್ನ ಎಣಿಕೆ, ಫಿಲ್ಟರ್, ಒಂದು ಗ್ರಾಫ್. ಮನೆಗೆ ಹೋಗುವ ಮುನ್ನ ಪ್ರತಿಯೊಬ್ಬರ ಪರದೆಯ ಮೇಲೂ ಅವರವರ ಕೈಯಿಂದಲೇ ಬಂದ ಒಂದು ಗ್ರಾಫ್ ಇರಬೇಕು. ಅದಿಲ್ಲದೆ ಎರಡನೆಯ ದಿನ ಹಾಜರಿ ಇಳಿಯುತ್ತದೆ.

ದಿನದ ಕೊನೆಗೆ ಕಂಟ್ರೋಲ್, ಶಿಫ್ಟ್, ಎಫ್10 ಒಟ್ಟಿಗೆ ಒತ್ತಿ ಆರ್ ಮರುಪ್ರಾರಂಭಿಸಿ, ಸ್ಕ್ರಿಪ್ಟನ್ನು ಮೇಲಿನಿಂದ ಕೆಳಗೆ ಓಡಿಸುವ ಅಭ್ಯಾಸ ಮಾಡಿಸಿ. ಹಾಗೆ ಓಡದ ಸ್ಕ್ರಿಪ್ಟ್ ಮುಗಿದ ಸ್ಕ್ರಿಪ್ಟ್ ಅಲ್ಲ.

ಅಭ್ಯಾಸಕ್ಕೆ ನಿಜವಾದ ರೋಗಿಗಳ ಡೇಟಾ ಬಳಸಬಹುದೆ?

ಬೇಡ. ಹೆಸರು, ಫೋನ್ ನಂಬರ್ ತೆಗೆದರೂ ಊರು, ವಯಸ್ಸು, ಅಪರೂಪದ ಕಾಯಿಲೆ ಮೂರು ಸೇರಿದರೆ ವ್ಯಕ್ತಿ ಯಾರೆಂದು ಊರಿನವರಿಗೆ ಗೊತ್ತಾಗುತ್ತದೆ. ಆರ್‌ನ ಔಟ್‌ಬ್ರೇಕ್ಸ್ ಪ್ಯಾಕೇಜಿನಲ್ಲಿ ಕಂಪ್ಯೂಟರ್ ಸೃಷ್ಟಿಸಿದ ಎಬೋಲಾ ಲೈನ್ ಲಿಸ್ಟ್ ಇದೆ, ಅದರಿಂದ ಶುರು ಮಾಡಿ. ಇನ್ನೂ ಒಳ್ಳೆಯ ದಾರಿ ಎಂದರೆ ನಿಮ್ಮದೇ ನಮೂನೆಯ ಕಾಲಂಗಳನ್ನಿಟ್ಟುಕೊಂಡು 300 ಸಾಲುಗಳ ನಕಲಿ ಡೇಟಾ ತಯಾರಿಸಿ, ಅದರಲ್ಲಿ ಬೇಕೆಂದೇ ತಪ್ಪುಗಳನ್ನು ಹುದುಗಿಸುವುದು: ಎರಡು ಬಾರಿ ದಾಖಲಾದ ರೋಗಿ, ಹುಟ್ಟುವ ಮೊದಲೇ ಲಸಿಕೆ ಪಡೆದ ಮಗು, ಮೂರು ಬಗೆಯ ಕಾಗುಣಿತದ ಒಂದೇ ಊರು. ತೀರಾ ಶುಚಿಯಾದ ಡೇಟಾದಲ್ಲಿ ಕಲಿತವರು ತಮ್ಮ ಫೈಲ್ ತೆರೆದ ದಿನವೇ ಕೈಚೆಲ್ಲುತ್ತಾರೆ.

ಡೇಟಾ ಶುಚಿಗೊಳಿಸುವಾಗ ಹೆಚ್ಚು ಎಡವುವುದು ಎಲ್ಲಿ?

ಇದಕ್ಕೆ ಒಟ್ಟು ಸಮಯದ ಅರ್ಧ ಮೀಸಲಿಡಿ ಎಂದರೆ ಸಂಘಟಕರು ಮೂಗು ಮುರಿಯುತ್ತಾರೆ. ಆದರೂ ಮೀಸಲಿಡಿ.

ತಾರೀಖು ಮೊದಲ ಶತ್ರು. 03/04/2024 ಎಂದರೆ ಏಪ್ರಿಲ್ 3 ಅಥವಾ ಮಾರ್ಚ್ 4. ಇದನ್ನು ನಮೂನೆ ತುಂಬಿದವರನ್ನೇ ಕೇಳಿ ತಿಳಿಯಬೇಕು, ಸಾಫ್ಟ್‌ವೇರ್ ಊಹಿಸಲು ಬಿಡಬಾರದು. ದಿನಾಂಕದ ಕಾಲಂನಲ್ಲಿ 45292 ಎಂಬ ಸಂಖ್ಯೆ ಕಂಡರೆ ಗಾಬರಿ ಬೇಡ. ಎಕ್ಸೆಲ್ ದಿನಗಳನ್ನು ಎಣಿಸಿ ಇಟ್ಟುಕೊಳ್ಳುವ ರೀತಿ ಅದು, 2024ರ ಜನವರಿ 1 ಎಂದರ್ಥ. ಜಾನಿಟರ್ ಪ್ಯಾಕೇಜ್ ಇದನ್ನು ತಾರೀಖಿಗೆ ತಿರುಗಿಸುತ್ತದೆ. ಕೈಯಲ್ಲಿ ಮಾಡುವುದಾದರೆ ಎಣಿಕೆಯ ಮೂಲ ದಿನ 1899ರ ಡಿಸೆಂಬರ್ 30 ಎಂದು ಕೊಡಿ. 1900 ಅಧಿಕ ವರ್ಷವಲ್ಲದಿದ್ದರೂ ಎಕ್ಸೆಲ್ ಅದನ್ನು ಹಾಗೆಂದೇ ಎಣಿಸುವುದರಿಂದ ಈ ವಿಚಿತ್ರ ದಿನ. ಹಳೆಯ ಮ್ಯಾಕ್‌ನಿಂದ ಬಂದ ಫೈಲಾದರೆ ಎಣಿಕೆ 1904ರಿಂದ ಶುರುವಾಗಿರಬಹುದು, ಆಗ ಎಲ್ಲ ತಾರೀಖುಗಳೂ 1,462 ದಿನ ಆಚೀಚೆ ಆಗಿರುತ್ತವೆ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದು, ನಾಲ್ಕಂಕಿಯ ನಮೂನೆ ಕೊಟ್ಟು ಓದಿದರೆ 24 ಎಂಬುದು ಕ್ರಿ.ಶ. 24 ಆಗುತ್ತದೆ. ಆರ್ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆದ್ದರಿಂದ ತಾರೀಖು ಬದಲಿಸಿದ ಕೂಡಲೇ ಕನಿಷ್ಠ, ಗರಿಷ್ಠ ಎರಡನ್ನೂ ನೋಡಿ.

ಎರಡನೆಯದು ಇಲ್ಲದ ಮಾಹಿತಿ. ವಯಸ್ಸು ಗೊತ್ತಿಲ್ಲದಿದ್ದರೆ 999 ಎಂದು ತುಂಬುವ ಪದ್ಧತಿ ಇನ್ನೂ ಇದೆ. 20 ಜನರಲ್ಲಿ 19 ಮಂದಿಗೆ 30 ವರ್ಷ, ಒಬ್ಬರಿಗೆ 999 ಎಂದಿದ್ದರೆ ಸರಾಸರಿ 78 ದಾಟುತ್ತದೆ! ಇಂಥ ಸಂಕೇತಗಳನ್ನು ಫೈಲ್ ಓದುವಾಗಲೇ ಎನ್‌ಎ (ಮಾಹಿತಿ ಇಲ್ಲ ಎಂಬುದಕ್ಕೆ ಆರ್‌ನ ಗುರುತು) ಮಾಡಿ. ಆಮೇಲೆ ಎನ್‌ಎಗೂ ಅದರದೇ ವರಸೆ ಇದೆ. ಫಲಿತಾಂಶ ಪಾಸಿಟಿವ್ ಅಲ್ಲದವರನ್ನು ಕೊಡು ಎಂದು ಫಿಲ್ಟರ್ ಹಾಕಿದರೆ ನೆಗೆಟಿವ್ ಬಂದವರು ಮಾತ್ರ ಸಿಗುತ್ತಾರೆ, ಫಲಿತಾಂಶವೇ ಬಾರದವರು ಸದ್ದಿಲ್ಲದೆ ಮಾಯವಾಗುತ್ತಾರೆ. ಫಿಲ್ಟರ್‌ನ ಹಿಂದೆ ಮುಂದೆ ಸಾಲು ಎಣಿಸುವುದೇ ಇದಕ್ಕೆ ಮದ್ದು.

ಮೂರನೆಯದು ಜೋಡಣೆ. ಲೈನ್ ಲಿಸ್ಟಿಗೆ ಲ್ಯಾಬ್ ಫಲಿತಾಂಶ ಜೋಡಿಸಿದಾಗ 412 ಸಾಲು ಇದ್ದದ್ದು 437 ಆಯಿತೆಂದುಕೊಳ್ಳಿ. 25 ಹೊಸ ಪ್ರಕರಣಗಳು ಬಂದಿಲ್ಲ, ಕೆಲವರಿಗೆ ಎರಡೆರಡು ಪರೀಕ್ಷೆ ಆಗಿದೆ. ಒಬ್ಬರಿಗೆ ಯಾವ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಮೊದಲೇ ತೀರ್ಮಾನಿಸಿ, ಲ್ಯಾಬ್ ಟೇಬಲನ್ನು ತಲೆಗೊಂದು ಸಾಲಿಗೆ ಇಳಿಸಿ, ಆಮೇಲೆ ಜೋಡಿಸಿ.

ಕನ್ನಡದಲ್ಲಿ ತುಂಬಿದ ಡೇಟಾ ಆರ್‌ನಲ್ಲಿ ನಡೆಯುತ್ತದೆಯೆ?

ನಡೆಯುತ್ತದೆ. 2022ರಲ್ಲಿ ಬಂದ 4.2 ಆವೃತ್ತಿಯಿಂದ ಈಚೆಗೆ ವಿಂಡೋಸ್‌ನಲ್ಲೂ ಆರ್ ಎಲ್ಲ ಲಿಪಿಗಳನ್ನೂ ಹಿಡಿಯುವ ಯುಟಿಎಫ್-8 ಸಂಕೇತ ಪದ್ಧತಿ ಬಳಸುವುದರಿಂದ ಹಳೆಯ ತಲೆನೋವು ಬಹಳ ಕಡಿಮೆಯಾಗಿದೆ. ಆದರೂ ನಾಲ್ಕು ಸಂಗತಿ ನೆನಪಿರಲಿ.

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಕನ್ನಡ ಅಂಕಿಗಳಲ್ಲಿ ವಯಸ್ಸು ಬರೆದಿದ್ದರೆ, ಅಂದರೆ ೩೫ ಎಂದಿದ್ದರೆ, ಆರ್ ಅದನ್ನು ಸಂಖ್ಯೆ ಎಂದು ಒಪ್ಪದೆ ಎನ್‌ಎ ಮಾಡುತ್ತದೆ. ಹತ್ತೂ ಅಂಕಿಗಳನ್ನು 0ಯಿಂದ 9ಕ್ಕೆ ಬದಲಿಸುವ ಒಂದು ಸಾಲು ಮೊದಲೇ ಬರೆದಿಡಿ.

ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಊರ ಹೆಸರು ಎಣಿಕೆಯಲ್ಲಿ ಬೇರೆ ಬೇರೆಯಾಗಿ ಬಂದರೆ ಕಾರಣ ಬಹುಪಾಲು ಕಾಣದ ಅಕ್ಷರ. ಕೊನೆಯಲ್ಲೊಂದು ಖಾಲಿ ಜಾಗ ಇರಬಹುದು, ನಡುವೆ ಅಗಲವಿಲ್ಲದ ಜೋಡಕ ಚಿಹ್ನೆ ಸೇರಿರಬಹುದು, ಇಲ್ಲವೇ ಓಕಾರ ಒಂದು ಕಡೆ ಒಂದೇ ಸಂಕೇತವಾಗಿ, ಇನ್ನೊಂದು ಕಡೆ ಬಿಡಿ ಸಂಕೇತಗಳಾಗಿ ದಾಖಲಾಗಿರಬಹುದು. ಸ್ಟ್ರಿಂಗ್‌ಐ ಪ್ಯಾಕೇಜಿನ ಎನ್‌ಎಫ್‌ಸಿ ಪರಿವರ್ತನೆ ಕೊನೆಯದನ್ನು ಸರಿಪಡಿಸುತ್ತದೆ, ಮೊದಲೆರಡನ್ನು ಅಳಿಸಿಹಾಕಿ. ಊರು, ಆಸ್ಪತ್ರೆಗಳಿಗೆ ಕೋಡ್ ನಂಬರ್ ಇದ್ದರೆ ಈ ಗೋಜೇ ಇಲ್ಲ. ಜೋಡಣೆಗೆ ಯಾವಾಗಲೂ ಕೋಡ್ ಬಳಸಿ, ಹೆಸರು ಓದುವವರಿಗೆ ಮಾತ್ರ.

ಇನ್ನು ಹೊರಗೆ ಕಳಿಸುವಾಗ. ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಕಲಸುಮೇಲೋಗರ ಆಗುತ್ತದೆ. ರೀಡ್‌ಆರ್ ಪ್ಯಾಕೇಜಿನಲ್ಲಿ ಎಕ್ಸೆಲ್‌ಗೆಂದೇ ಇರುವ ಸಿಎಸ್‌ವಿ ಬರೆಯುವ ಆದೇಶ ಬಳಸಿದರೆ ಸರಿಯಾಗುತ್ತದೆ. ಗ್ರಾಫ್‌ನಲ್ಲಿ ಒತ್ತಕ್ಷರ ಒಡೆದು ಬಂದರೆ ರ‍್ಯಾಗ್ ಪ್ಯಾಕೇಜ್ ಹಾಕಿ, ಆರ್‌ಸ್ಟುಡಿಯೋ ಗ್ರಾಫಿಕ್ಸ್ ಬ್ಯಾಕೆಂಡನ್ನು ಎಜಿಜಿ ಮಾಡಿ, ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಕೊಡಿ.

ವಾರದ ಸಂಖ್ಯೆ ನನ್ನದೊಂದು, ಮೇಲಿನ ಕಚೇರಿಯದೊಂದು ಬರುತ್ತಿದೆ. ಏಕೆ?

ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡದ ಪದ್ಧತಿಯಲ್ಲಿ ವಾರ ಸೋಮವಾರ ಶುರು, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಪದ್ಧತಿಯಲ್ಲಿ ಭಾನುವಾರ. ವರ್ಷದ ಕೊನೆಯಲ್ಲಿ ಈ ಒಂದು ದಿನದ ಅಂತರ ದೊಡ್ಡದಾಗುತ್ತದೆ. 2025ರ ಡಿಸೆಂಬರ್ 30 ಐಎಸ್‌ಒ ಪ್ರಕಾರ 2026ರ 1ನೇ ವಾರ, ಸಿಡಿಸಿ ಪ್ರಕಾರ 2025ರ 53ನೇ ವಾರ. ಲುಬ್ರಿಡೇಟ್ ಪ್ಯಾಕೇಜಿನಲ್ಲಿ ಎರಡಕ್ಕೂ ಬೇರೆ ಬೇರೆ ಆದೇಶಗಳಿವೆ. ವಾರವನ್ನು ಐಎಸ್‌ಒ ಪದ್ಧತಿಯಿಂದ, ವರ್ಷವನ್ನು ಸಾಮಾನ್ಯ ಕ್ಯಾಲೆಂಡರ್‌ನಿಂದ ತೆಗೆದರೆ ಅದೇ ದಿನ 2025ರ 1ನೇ ವಾರಕ್ಕೆ ಹೋಗಿ ಕೂರುತ್ತದೆ, ಅಂದರೆ ಗ್ರಾಫ್‌ನಲ್ಲಿ ಒಂದು ವರ್ಷ ಹಿಂದಕ್ಕೆ. ವಾರಕ್ಕೆ ಸಂಖ್ಯೆಯ ಬದಲು ಆ ವಾರ ಶುರುವಾಗುವ ತಾರೀಖನ್ನೇ ಬಳಸುವುದು ನಮಗೆ ಹಿಡಿಸಿದ ದಾರಿ.

ಗ್ರಾಫ್‌ನ ಕೊನೆಯಲ್ಲಿ ಪ್ರಕರಣಗಳು ಇಳಿಯುತ್ತಿವೆ. ಸೋಂಕು ಕಡಿಮೆಯಾಗುತ್ತಿದೆ ಎನ್ನಬಹುದೆ?

ಅವಸರ ಬೇಡ. ಲಕ್ಷಣ ಕಾಣಿಸಿಕೊಂಡ ದಿನದ ಪ್ರಕಾರ ಗ್ರಾಫ್ ಹಾಕಿದರೆ ಕೊನೆಯ ಕೆಲವು ದಿನ ಯಾವಾಗಲೂ ಇಳಿದೇ ಕಾಣುತ್ತವೆ. ಆ ದಿನಗಳಲ್ಲಿ ಹುಷಾರು ತಪ್ಪಿದವರು ಇನ್ನೂ ಆಸ್ಪತ್ರೆಗೆ ಬಂದಿಲ್ಲ, ಬಂದರೂ ವರದಿಯಾಗಿಲ್ಲ. ಲಕ್ಷಣದ ದಿನಕ್ಕೂ ವರದಿಯ ದಿನಕ್ಕೂ ನಡುವಿನ ಅಂತರದ ಮಧ್ಯಾಂಕ ತೆಗೆಯಿರಿ. ಅದು 6 ದಿನ ಎಂದಾದರೆ ಕೊನೆಯ 6 ದಿನಗಳ ಪ್ರಕರಣಗಳಲ್ಲಿ ಬಹುಪಾಲು ಇನ್ನೂ ಲೆಕ್ಕಕ್ಕೆ ಸಿಕ್ಕಿಲ್ಲ. ಆ ಭಾಗಕ್ಕೆ ಬೂದು ಬಣ್ಣ ಬಳಿದು, ಲೆಕ್ಕ ಅಪೂರ್ಣ ಎಂದು ಗ್ರಾಫ್‌ನ ಮೇಲೆಯೇ ಬರೆಯಿರಿ. ಅಡಿಟಿಪ್ಪಣಿಯನ್ನು ಯಾರೂ ಓದುವುದಿಲ್ಲ.

ಇದರ ಜೊತೆಗೆ ಸೊನ್ನೆಗೂ ಮೌನಕ್ಕೂ ಇರುವ ವ್ಯತ್ಯಾಸ. ಹತ್ತು ಕೇಂದ್ರಗಳಲ್ಲಿ ಏಳು ಮಾತ್ರ ವರದಿ ಕಳಿಸಿದ ವಾರವನ್ನು ಹತ್ತೂ ಕಳಿಸಿದ ವಾರದ ಪಕ್ಕದಲ್ಲಿಟ್ಟರೆ ಇಳಿಕೆ ಕಾಣದೆ ಇನ್ನೇನು? ಪ್ರಕರಣಗಳ ಸಂಖ್ಯೆಯ ಕೆಳಗೆ ವರದಿ ಮಾಡಿದ ಕೇಂದ್ರಗಳ ಸಂಖ್ಯೆಯೂ ಇರಲಿ.

ಸಾವಿನ ಪ್ರಮಾಣಕ್ಕೂ ಇದೇ ಎಚ್ಚರ ಬೇಕು. 100 ರೋಗಿಗಳಲ್ಲಿ 10 ಸಾವು, 50 ಗುಣಮುಖ, 40 ಮಂದಿ ಇನ್ನೂ ಹಾಸಿಗೆಯಲ್ಲಿ ಎಂದರೆ ಎಲ್ಲರನ್ನೂ ಛೇದಕ್ಕೆ ಹಾಕಿದರೆ ಶೇ. 10, ಫಲಿತಾಂಶ ಗೊತ್ತಾದವರನ್ನಷ್ಟೇ ಹಾಕಿದರೆ ಶೇ. 16.7. ಯಾವ ಛೇದ ಎಂದು ಹೇಳದೆ ಶೇಕಡಾವಾರು ಕೊಡಬೇಡಿ.

ನಕ್ಷೆಯಲ್ಲಿ ಚಿಕ್ಕ ಊರುಗಳೇ ಕೆಂಪಗೆ ಕಾಣುತ್ತವಲ್ಲ?

400 ಜನರ ಊರಿನಲ್ಲಿ 2 ಪ್ರಕರಣ ಬಂದರೆ ಲಕ್ಷಕ್ಕೆ 500. ಎರಡು ಲಕ್ಷದ ಪಟ್ಟಣದಲ್ಲಿ 300 ಬಂದರೆ ಲಕ್ಷಕ್ಕೆ 150. ಬಣ್ಣ ತುಂಬಲು ದರವೇ ಸರಿ, ಆದರೆ ಊರಿನ ಮೇಲೆ ಪ್ರಕರಣಗಳ ಸಂಖ್ಯೆಯನ್ನೂ ಬರೆಯಿರಿ. ಬಿಂದುಗಳೆಲ್ಲ ಸಮುದ್ರದಲ್ಲಿ ಬಿದ್ದಿದ್ದರೆ ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆ. ಬಿಂದುವಿನ ಸುತ್ತ 500 ಮೀಟರ್ ವಲಯ (ಬಫರ್) ಹಾಕಲು ಹೋಗಿ ಇಡೀ ಭೂಗೋಳವೇ ಮುಚ್ಚಿಹೋದರೆ ನಿಮ್ಮ ಲೇಯರ್ ಡಿಗ್ರಿಯಲ್ಲಿದೆ, ಮೀಟರ್ ಲೆಕ್ಕದ ಯುಟಿಎಂ ಪ್ರೊಜೆಕ್ಷನ್‌ಗೆ ಬದಲಿಸಿ.

ಎರರ್ ಬಂದ ಕೂಡಲೇ ಕಲಿಯುವವರು ಕೈಬಿಡುತ್ತಾರೆ. ಏನು ಮಾಡಬೇಕು?

ಶುರುವಿನ ಎರರ್‌ಗಳಲ್ಲಿ ಬಹುಪಾಲು ಬೆರಳೆಣಿಕೆಯ ಕಾರಣಗಳಿಂದಲೇ ಬರುತ್ತವೆ. ಆಬ್ಜೆಕ್ಟ್ ಸಿಗಲಿಲ್ಲ ಎಂದರೆ ಕಾಗುಣಿತ ತಪ್ಪಿದೆ ಅಥವಾ ಮೇಲಿನ ಸಾಲು ಓಡಿಸಿಲ್ಲ. ಫಂಕ್ಷನ್ ಸಿಗಲಿಲ್ಲ ಎಂದರೆ ಪ್ಯಾಕೇಜ್ ಲೋಡ್ ಆಗಿಲ್ಲ. ವರ್ಡ್ ಅಥವಾ ವಾಟ್ಸ್ಆ್ಯಪ್‌ನಿಂದ ಕೋಡ್ ನಕಲಿಸಿದ್ದರೆ ಉದ್ಧರಣ ಚಿಹ್ನೆಗಳು ಡೊಂಕಾಗಿರುತ್ತವೆ, ಅಳಿಸಿ ಮತ್ತೆ ಟೈಪ್ ಮಾಡಿ. ವಿಂಡೋಸ್ ಫೋಲ್ಡರ್ ವಿಳಾಸ ಅಂಟಿಸಿದ್ದರೆ ಹಿಂದಕ್ಕೆ ವಾಲಿದ ಗೆರೆಗಳನ್ನು ಮುಂದಕ್ಕೆ ವಾಲಿಸಿ. ಫಲಿತಾಂಶ ಉಳಿಸಲು ಆಗದಿದ್ದರೆ ಆ ಫೈಲ್ ಎಕ್ಸೆಲ್‌ನಲ್ಲಿ ತೆರೆದುಕೊಂಡಿದೆ. ಕನ್ಸೋಲ್‌ನಲ್ಲಿ ಬರೀ ಕೂಡಿಸುವ ಚಿಹ್ನೆ ಕಾಣುತ್ತಿದ್ದರೆ ಎಲ್ಲೋ ಆವರಣ ಮುಚ್ಚಿಲ್ಲ, ಎಸ್ಕೇಪ್ ಒತ್ತಿ. ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಅಚ್ಚುಹಾಕಿ ಪ್ರತಿ ಮೇಜಿಗೂ ಕೊಡಿ.

ಪಾಠ ಮಾಡುವವರು ಸ್ಲೈಡ್ ತೋರಿಸದೆ ಎಲ್ಲರ ಎದುರೇ ಟೈಪ್ ಮಾಡಬೇಕು. ತಪ್ಪು ಬಂದಾಗ ಅದನ್ನು ಓದಿ ಬಿಡಿಸುವ ರೀತಿಯೂ ಕಾಣುತ್ತದೆ. ಪ್ರತಿಯೊಬ್ಬರಿಗೂ ಎರಡು ಬಣ್ಣದ ಅಂಟುಚೀಟಿ ಕೊಟ್ಟು, ಸಿಕ್ಕಿಕೊಂಡರೆ ಕೆಂಪು, ಮುಗಿದರೆ ಹಸಿರು ಚೀಟಿ ಪರದೆಗೆ ಅಂಟಿಸಲು ಹೇಳಿ. ಕೈ ಎತ್ತಿ ಕೇಳಲು, ಅದರಲ್ಲೂ ಮೇಲಧಿಕಾರಿ ಪಕ್ಕದಲ್ಲಿದ್ದಾಗ, ಹಿಂಜರಿಯುವವರೇ ಹೆಚ್ಚು. ಏಳೆಂಟು ಜನಕ್ಕೆ ಒಬ್ಬ ಸಹಾಯಕರು ಇರಲಿ, ಮತ್ತು ಅವರು ಕಲಿಯುವವರ ಕೀಬೋರ್ಡ್ ಮುಟ್ಟಬಾರದು.

ಕೋಡ್ ಬರೆಯಲು ಎಐ ಚಾಟ್‌ಬಾಟ್ ಬಳಸಬಹುದೆ?

ಎರರ್‌ನ ಅರ್ಥ ಕೇಳಲು, ಗ್ರಾಫ್ ಅಂದಗೊಳಿಸಲು ಬಳಸಿ. ರೋಗಿಗಳ ಡೇಟಾದ ಒಂದು ಸಾಲನ್ನೂ ಅಲ್ಲಿ ಅಂಟಿಸಬೇಡಿ, ಕಾಲಂ ಹೆಸರುಗಳನ್ನು ಕೊಟ್ಟರೆ ಸಾಕು. ಇಲ್ಲದ ಫಂಕ್ಷನ್‌ಗಳನ್ನು ಅದು ಸಲೀಸಾಗಿ ಹುಟ್ಟಿಸುತ್ತದೆ, ಅದು ಓಡಿಸಿದಾಗ ಗೊತ್ತಾಗುತ್ತದೆ. ಓಡಿಯೂ ತಪ್ಪು ಉತ್ತರ ಕೊಡುವ ಕೋಡ್ ಹೆಚ್ಚು ಅಪಾಯದ್ದು. ಹತ್ತು ಸಾಲಿನ ಪುಟ್ಟ ಟೇಬಲ್‌ಗೆ ಕೈಯಲ್ಲೇ ಲೆಕ್ಕ ಹಾಕಿ ತಾಳೆ ನೋಡಿ.

ತರಬೇತಿ ಫಲ ಕೊಟ್ಟಿದೆಯೆ ಎಂದು ತಿಳಿಯುವುದು ಹೇಗೆ?

ಕೊನೆಯ ದಿನದ ಪರೀಕ್ಷೆಯ ಅಂಕಗಳಿಂದ ಏನೂ ತಿಳಿಯುವುದಿಲ್ಲ. ಮೂರು ತಿಂಗಳ ನಂತರ ಕಚೇರಿಯ ವಾರದ ವರದಿ ಸ್ಕ್ರಿಪ್ಟ್‌ನಿಂದ ಬರುತ್ತಿದೆಯೋ, ಮತ್ತೆ ಎಕ್ಸೆಲ್‌ಗೆ ಮರಳಿದೆಯೋ ನೋಡಿ. ಮರಳುವುದಕ್ಕೆ ಸಾಮಾನ್ಯ ಕಾರಣ ಕೌಶಲದ ಕೊರತೆಯಲ್ಲ, ಒತ್ತಡ. ಸಂಜೆ ನಾಲ್ಕಕ್ಕೆ ಅಂಕಿಅಂಶ ಬೇಕು ಎಂದಾಗ ಕೈ ಹಳೆಯ ದಾರಿಗೇ ಹೋಗುತ್ತದೆ. ಆದ್ದರಿಂದ ಮೊದಲ ನಾಲ್ಕು ವಾರ ಎರಡೂ ರೀತಿಯಲ್ಲಿ ವರದಿ ಮಾಡಿ, ಸಂಖ್ಯೆಗಳನ್ನು ಅಕ್ಕಪಕ್ಕ ಇಡಿ. ಹೊಂದದಿದ್ದರೆ ಸ್ಕ್ರಿಪ್ಟ್ ತಪ್ಪೆಂದು ಮೊದಲೇ ತೀರ್ಪು ಕೊಡಬೇಡಿ, ಹಳೆಯ ಎಕ್ಸೆಲ್ ಸೂತ್ರ ಕೊನೆಯ ಸಾಲುಗಳನ್ನು ಬಿಟ್ಟಿರುವುದೂ ಉಂಟು. ನಾಲ್ಕು ವಾರ ತಾಳೆಯಾದ ಮೇಲೆ ಎಕ್ಸೆಲ್‌ನಲ್ಲಿ ಕೈಯಲ್ಲಿ ಮಾಡುವ ದಾರಿ ನಿಲ್ಲಿಸಲು ಮೇಲಧಿಕಾರಿಯಿಂದ ಒಪ್ಪಿಗೆ ಪಡೆಯಿರಿ.

ಕಳೆದ ವರ್ಷದ ಸ್ಕ್ರಿಪ್ಟ್ ಈಗ ಓಡುತ್ತಿಲ್ಲ.

ಪ್ಯಾಕೇಜ್ ಹೊಸದಾಗಿದೆ. ಆರ್‌ಎನ್ವ್ ಎಂಬ ಪ್ಯಾಕೇಜ್ ಪ್ರಾಜೆಕ್ಟಿನ ಎಲ್ಲ ಪ್ಯಾಕೇಜ್‌ಗಳ ಆವೃತ್ತಿಗಳನ್ನು ಒಂದು ಲಾಕ್ ಫೈಲಿನಲ್ಲಿ ಬರೆದಿಡುತ್ತದೆ. ಹೊಸಬರಿಗೆ ಇದು ಮೊದಲ ದಿನವೇ ಬೇಡ, ವಾರದ ವರದಿ ನಿಂತುಕೊಂಡ ಮೇಲೆ ಸೇರಿಸಿ. ವರದಿ ಕಳಿಸುವ ದಿನ ಬೆಳಗ್ಗೆ ಪ್ಯಾಕೇಜ್ ಅಪ್‌ಡೇಟ್ ಮಾತ್ರ ಮಾಡಬೇಡಿ.

ಸ್ಕ್ರಿಪ್ಟ್ ಬರೆದವರಿಗೆ ವರ್ಗವಾದರೆ?

ಪ್ರಾಜೆಕ್ಟ್ ಫೋಲ್ಡರಿನಲ್ಲಿ ಒಂದು ಪುಟದ ಟಿಪ್ಪಣಿ ಇರಲಿ: ಡೇಟಾ ಯಾರಿಂದ, ಯಾವ ದಿನ ಬರುತ್ತದೆ, ಯಾವ ಫೋಲ್ಡರಿಗೆ ಹಾಕಬೇಕು, ಯಾವ ಸ್ಕ್ರಿಪ್ಟ್ ಮೊದಲು ಓಡಿಸಬೇಕು, ಪ್ರಕರಣದ ವ್ಯಾಖ್ಯೆ ಯಾವುದು, ವಾರದ ಪದ್ಧತಿ ಯಾವುದು. ವರ್ಗದ ಆದೇಶ ಬರುವವರೆಗೆ ಕಾಯದೆ, ತಿಂಗಳಿಗೊಮ್ಮೆ ಆ ವಾರದ ವರದಿಯನ್ನು ಬೇರೊಬ್ಬರು ತಮ್ಮ ಯಂತ್ರದಲ್ಲಿ ಈ ಟಿಪ್ಪಣಿ ನೋಡಿಕೊಂಡೇ ತೆಗೆಯಲಿ. ಅವರು ಎದ್ದು ಬಂದು ಏನು ಕೇಳುತ್ತಾರೋ ಅದನ್ನು ಆಗಲೇ ಟಿಪ್ಪಣಿಗೆ ಸೇರಿಸಿ.